ಕತ್ತರಿಸಿದ ಏಳನೆಯ ನಿಯಮ

ಏಳನೆಯ ನಿಯಮವೊಂದಿತ್ತು. ಅದನ್ನು ಬರೆದವಳೂ ನಾನೇ, ಯಾರೂ ನೋಡುವ ಮೊದಲು ಕತ್ತರಿಸಿ ಒಲೆಗೆ ಹಾಕಿದವಳೂ ನಾನೇ. ‘ಚೀಟಿ ಇಟ್ಟುಕೊಳ್ಳುವವಳು ಕಾಳಗಕ್ಕೆ ಇಳಿಯಬಾರದು’ — ಇಷ್ಟೇ ಇದ್ದದ್ದು. ಆ ಒಂದು ಸಾಲು ಹಾಳೆಯಲ್ಲಿ ಉಳಿದಿದ್ದರೆ ಗುಲಾಬಿಗೆ ನಾನು ಮಾಡಿದ್ದನ್ನು ಮಾಡಲಾಗುತ್ತಿರಲಿಲ್ಲ. ಅದು ಗೊತ್ತಿದ್ದೇ ಕತ್ತರಿಸಿದೆ. ಮರೆತು ಅಲ್ಲ, ಅವಸರದಲ್ಲಿ ಅಲ್ಲ — ಗೊತ್ತಿದ್ದೇ.

ಹೇಳಿದರೆ ನಗುತ್ತೀರಿ. ನಗುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ‘ಹೆಂಗಸರ ಕಾಲಹರಣದ ಆಟ, ಅದಕ್ಕೆಂಥ ಪಾಪ ಪುಣ್ಯ’ ಎಂದು ನನ್ನ ಗಂಡನೇ ನಕ್ಕರು. ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ.

ಹಾಲಾಡಿ ರಸ್ತೆಯ ಪಕ್ಕದ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜದ ಸಿಪ್ಪೆ ಸುಲಿಯುವುದು ನಮ್ಮ ಕೆಲಸ. ನಾಲ್ಕು ಬೆಂಚು, ಬೆಂಚಿಗೆ ನಾಲ್ವರಂತೆ ಹದಿನಾರು ಹೆಂಗಸರು. ಕೈ ನಿಲ್ಲದಿದ್ದರೆ ಬಾಯಿಗೆ ತಡೆಯಿರಲಿಲ್ಲ. ಹಾಗೆ ಮಾತಾಡುತ್ತ ಮಾತಾಡುತ್ತ ಹುಟ್ಟಿದ್ದು ನಮ್ಮ ಕಾಳಗ. ಒಂದು ಬೆಂಚಿನವರು ತಾವೇ ಕಲ್ಪಿಸಿದ ಒಬ್ಬ ಗಟ್ಟಿಗಿತ್ತಿಯನ್ನು ಕಥೆಯಲ್ಲಿ ಎದ್ದು ನಿಲ್ಲಿಸುವುದು, ಎದುರು ಬೆಂಚಿನವರು ತಮ್ಮವಳನ್ನು ಕಳಿಸುವುದು, ಒಬ್ಬರ ಪೆಟ್ಟಿಗೆ ಇನ್ನೊಬ್ಬರು ಮಾತಿನಲ್ಲೇ ಪೆಟ್ಟು ಕೊಡುವುದು. ಯಾರು ಗೆದ್ದರೆಂದು ಉಳಿದ ಎರಡು ಬೆಂಚಿನವರು ಹೇಳಬೇಕು. ಗೆದ್ದವರಿಗೆ ತಿಂಗಳಿಡೀ ಕಿಟಕಿ ಪಕ್ಕದ ಬೆಂಚು. ಸಿಪ್ಪೆ ಹಾರುತ್ತದೆಂದು ಒಳಗೆಲ್ಲೂ ಫ್ಯಾನು ಹಾಕುತ್ತಿರಲಿಲ್ಲ, ಗಾಳಿಯೆಂದರೆ ಆ ಕಿಟಕಿಯದ್ದೊಂದೇ. ಸೋತವರ ಬೆಂಚು ಬೀಜ ಒಣಗಿಸುವ ಬಿಸಿಕೋಣೆಯ ಬಾಗಿಲಿಗೆ ಅಂಟಿಕೊಂಡಿತ್ತು. ಏಪ್ರಿಲ್ ತಿಂಗಳಲ್ಲಿ ಒಂದು ದಿನ ಅಲ್ಲಿ ಕೂತು ನೋಡಿ. ಆಮೇಲೆ ಹೇಳಿ, ಆಟವಷ್ಟೇ ಎಂದು.

ಗುಲಾಬಿ ಗಂಗೊಳ್ಳಿಯವಳು, ನನ್ನದೇ ಪ್ರಾಯ. ಓದು ಬರಹ ಇಲ್ಲ. ಅವಳು ಕಲ್ಪಿಸಿದವಳು ಶಿಳ್ಳೆ ತುಂಗಕ್ಕ — ಒಂದು ಶಿಳ್ಳೆಗೆ ಗಾಳಿಯನ್ನೇ ಕರೆಸುವವಳು. “ತುಂಗಕ್ಕ ಬಂತ್ ಕಾಣಿ!” ಎಂದು ಗುಲಾಬಿ ಬಾಯಿಗೆ ಬೆರಳಿಟ್ಟು ನಿಜವಾಗಿಯೂ ಶಿಳ್ಳೆ ಹಾಕಿದಳೆಂದರೆ ಎದುರಿನವರಿಗೆ ಮುಂದಿನ ಮಾತೇ ಹೊರಡುತ್ತಿರಲಿಲ್ಲ. ತೊಂಬತ್ತೊಂಬತ್ತರ ಬೇಸಿಗೆಗೆ ಮೊದಲು ಅವಳ ಬೆಂಚು ಸಾಲಾಗಿ ಮೂರು ಸಲ ಗೆದ್ದಿತು. ಉಳಿದವರು ಗೊಣಗಿದರು. ಹದಿನಾರು ಜನರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ನಾನೊಬ್ಬಳೇ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಗಿರಿಜಕ್ಕ ನನ್ನ ಮುಖ ನೋಡಿ, “ಸುಮತಿ, ನೀ ಶಾಲೆಗ್ ಹೋದವ್ಳ್. ಎಲ್ರಿಗೂ ಸಮ ಆಪು ಹಾಂಗೆ ಒಂದ್ ರೂಲ್ಸ್ ಬರಿ ಮಾರಾಯ್ತಿ” ಎಂದರು.

ಬರೆದೆ. ಕ್ಯಾಲೆಂಡರಿನ ಹಿಂಬದಿಯಲ್ಲಿ, ಎರಡು ಭಾನುವಾರ ಕೂತು ಬರೆದೆ. ಮತ್ತು ಇದನ್ನು ತಲೆ ಎತ್ತಿಯೇ ಹೇಳುತ್ತೇನೆ — ಒಳ್ಳೆಯ ನಿಯಮಗಳವು. ಬೆಂಚಿಗೆ ಮೂರೇ ಪಾತ್ರಗಳು, ಹೆಸರನ್ನು ಹಿಂದಿನ ಶನಿವಾರವೇ ಕೊಡಬೇಕು, ಕೊಟ್ಟ ಮೇಲೆ ಬದಲಿಸುವಂತಿಲ್ಲ. ದೇವರು, ದೈವ, ಯಕ್ಷಗಾನ ಮೇಳದವರು, ಸಿನಿಮಾದವರು ಯಾರೂ ಬೇಡ. ಎಲ್ಲರೂ ನಮ್ಮ ತಲೆಯಲ್ಲೇ ಹುಟ್ಟಿರಬೇಕು. ಮೂವರಲ್ಲಿ ಒಬ್ಬಳಿಗಷ್ಟೇ ಮನುಷ್ಯರಿಗಿಲ್ಲದ ಶಕ್ತಿ ಇರಬಹುದು, ಉಳಿದಿಬ್ಬರು ನಮ್ಮ ನಿಮ್ಮಂಥವರು. ಸತ್ತವರು ಮರಳಿ ಬರಬಾರದೆಂಬುದು ಗಿರಿಜಕ್ಕನ ಹಟ: “ಸತ್ತದ್ ಸತ್ತೇ ಇರ್ಕ್. ಇಲ್ದಿರೆ ಹೊಡ್ದಾಟಕ್ಕೆ ಎಂತ ಬೆಲಿ?” ಅದನ್ನೂ ಸೇರಿಸಿದೆ. ಕೊನೆಯದು ನನ್ನ ಹೆಮ್ಮೆಯ ನಿಯಮ: ಪ್ರತಿ ಪಾತ್ರಕ್ಕೂ ಒಂದು ದೌರ್ಬಲ್ಯ ಇರಲೇಬೇಕು. ಅದನ್ನು ಚೀಟಿಯಲ್ಲಿ ಬರೆದು, ಮಡಚಿ, ಅಂಟಿಸಿ ನನ್ನ ಕೈಗೆ ಕೊಡಬೇಕು. ಎದುರಾಳಿ ಅದನ್ನು ಊಹಿಸಿಬಿಟ್ಟರೆ ಎಲ್ಲರೆದುರು ಚೀಟಿ ಒಡೆಯುವುದು. ಊಹೆ ಸರಿಯಿದ್ದರೆ ಆ ಪಾತ್ರ ಬಿತ್ತು.

ಚೀಟಿ ನನ್ನ ಬಳಿ ಇರುವಾಗ ನಾನು ಆಡುವುದು ಸರಿಯೇ? ಆ ಪ್ರಶ್ನೆ ನನಗೇ ಬಂತು. ಏಳನೆಯ ನಿಯಮ ಬರೆದೆ. ಓದಿದೆ. ಇನ್ನೊಮ್ಮೆ ಓದಿದೆ — ಆಮೇಲೆ ಕತ್ತರಿ ತೆಗೆದುಕೊಂಡೆ.

ಬರೆಯಲು ಬಾರದವರು ನಾಲ್ವರಿದ್ದರು. ಅವರದ್ದನ್ನು ನಾನೇ ಬರೆದುಕೊಟ್ಟೆ. ಊಟದ ಹೊತ್ತಿನಲ್ಲಿ ಗುಲಾಬಿ ನನ್ನನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದಳು: “ತುಂಗಕ್ಕನ ಶಿಳ್ಳಿಗೆ ಯಾರಾರೂ ತಿರ್ಗಿ ಶಿಳ್ಳಿ ಹಾಕ್ರೆ ಅದ್ಕೆ ಉಸ್ರ್ ಬತ್ತಿಲ್ಲ.”

ಯಾಕೆ ಉಸಿರು ಕಟ್ಟುತ್ತದೆ ಎಂದು ಕೇಳಿದೆ. ಕೇಳಬಾರದಿತ್ತು. ಅವಳಿಗೊಬ್ಬ ತಮ್ಮನಿದ್ದನಂತೆ. ಹೊಳೆಯ ಈಚೆಯಿಂದ ಇವಳು ಶಿಳ್ಳೆ ಹಾಕಿದರೆ ಆಚೆಯಿಂದ ಅವನದು ಬರುತ್ತಿತ್ತಂತೆ. ಒಂದು ದಿನ ಇವಳ ಶಿಳ್ಳೆ ಕೇಳಿ ಸಣ್ಣ ದೋಣಿಯಲ್ಲಿ ಹೊರಟವನು ದಡ ಮುಟ್ಟಲಿಲ್ಲ. “ಯಾರಿಗೂ ಹೇಳ್ಬೇಡ, ಹಾಂ?” ಎಂದಳು. ನಾನು ತಲೆಯಾಡಿಸಿದೆ. ಅವಳ ಚೀಟಿಗೆ ಅನ್ನದ ಅಗುಳು ಹಚ್ಚಿ ಅಂಟಿಸಿದೆ.

ಕಾಳಗದ ದಿನ ನನ್ನ ಬೆಂಚಿಗೂ ಅವಳ ಬೆಂಚಿಗೂ ಬಿತ್ತು. ನನ್ನ ಪಾತ್ರ ಕೀಲಿ ಕಮಲಿ, ಯಾವ ಬೀಗವನ್ನಾದರೂ ತೆಗೆಯುವವಳು. ತುಂಗಕ್ಕನ ಗಾಳಿಯೆದುರು ಅವಳು ಎಷ್ಟು ಹೊತ್ತು ನಿಲ್ಲುತ್ತಾಳೆ? ನನ್ನ ಉಳಿದಿಬ್ಬರು ಆಗಲೇ ಬಿದ್ದಿದ್ದರು. ಸುತ್ತಲಿದ್ದವರು ಗುಲಾಬಿಯ ಬಾಯನ್ನೇ ನೋಡುತ್ತಿದ್ದರು. ಅಕ್ಷರ ಬಾರದವಳ ಬಾಯನ್ನು... ನನ್ನೊಳಗೆ ಉರಿದದ್ದು ಅದೇ. ಬೇರೆ ಹೆಸರು ಕೊಡುವುದಿಲ್ಲ.

ಅವಳು ಶಿಳ್ಳೆ ಹಾಕಿದಳು. ನಾನು ಚಾಕು ಕೆಳಗಿಟ್ಟು, ಎರಡು ಬೆರಳು ಬಾಯಿಗಿಟ್ಟು, ತಿರುಗಿ ಶಿಳ್ಳೆ ಹಾಕಿದೆ.

ಗುಲಾಬಿಯ ಕೈಯಿಂದ ಬೀಜ ಜಾರಿತು. ಅವಳು ಕಿಟಕಿಯತ್ತ ತಿರುಗಿದಳು — ಯಾರೋ ಬಂದರೇನೋ ಎನ್ನುವಂತೆ ತಿರುಗಿದಳು. ಆ ತಿರುಗುವಿಕೆಯನ್ನು ನಾನು... ಇರಲಿ. ಗಿರಿಜಕ್ಕ ಚೀಟಿ ಒಡೆಸಿದರು. ಓದಿದರು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು, ‘ಸುಮತಿಯ ತಲೆ ಅಂದರೆ ತಲೆ’ ಎಂದರು.

ಗುಲಾಬಿ ಮೆಲ್ಲಗೆ ಕೇಳಿದಳು: “ಅದ್ ನಾ ನಿನ್ ಹತ್ರವೇ ಅಲ್ದಾ ಬರ್ಸದ್ದ್?”

ಎಲ್ಲರೂ ನನ್ನನ್ನು ನೋಡಿದರು. ಒಂದು ಕ್ಷಣ ಇತ್ತು, ಒಪ್ಪಿಕೊಳ್ಳಲು. ನಾನು ಹೇಳಿದೆ: “ನಾಲ್ಕ್ ಜನ್ರದ್ದ್ ಬರ್ದಿದೆ. ಯಾರ್ದ್ ಎಂತ ಅಂದ್ ನಂಗ್ ನೆನಪಿರತ್ತಾ? ಸೋತದ್ಕೆ ಹೀಂಗೆಲ್ಲ ಹೇಳೂದಾ?”

ಆ ಮಾತಿನಿಂದ ಅವಳು ಸೋಲು ತಾಳದವಳಾದಳು. ಸುಳ್ಳಿಯಾದಳು. ಯಾರೂ ಅವಳ ಪರ ಮಾತಾಡಲಿಲ್ಲ. ಮರುದಿನದಿಂದ ನಾವು ಕಿಟಕಿಯ ಬಳಿ, ಅವಳು ಬಿಸಿಕೋಣೆಯ ಬಾಗಿಲಲ್ಲಿ. ಮುಂದಿನ ಕಾಳಗಗಳಲ್ಲಿ ಅವಳ ಬೆಂಚಿನವರು ಎಷ್ಟು ಒತ್ತಾಯಿಸಿದರೂ ಅವಳು ಯಾವ ಪಾತ್ರವನ್ನೂ ಕೊಡಲಿಲ್ಲ. ಒಂದು ವರ್ಷ ಸುಮ್ಮನೆ ಸಿಪ್ಪೆ ಸುಲಿದಳು. ಆಮೇಲೆ ಊರಿಗೆ ಹೋಗಿ ಮೀನು ಒಣಗಿಸುವ ಕೆಲಸಕ್ಕೆ ಸೇರಿದಳು.

ನನ್ನ ಆರು ನಿಯಮಗಳು ಮಾತ್ರ ಬದುಕಿದವು. ಬ್ರಹ್ಮಾವರದ ಕಡೆಯ ಇನ್ನೊಂದು ಫ್ಯಾಕ್ಟರಿಯ ಹೆಂಗಸರೂ ಬರೆದುಕೊಂಡು ಹೋದರು. ಹನ್ನೆರಡು ವರ್ಷದ ಮೇಲೆ ಸುಲಿಯುವ ಯಂತ್ರ ಬಂದು ನಮ್ಮನ್ನೆಲ್ಲ ಮನೆಗೆ ಕಳಿಸಿದ ದಿನ, ಗಿರಿಜಕ್ಕ ಎಲ್ಲರೆದುರು ನನ್ನ ಕೈ ಹಿಡಿದು, “ಈ ಹೆಣ್ಣಿನಷ್ಟ್ ನ್ಯಾಯ ಕಂಡವ್ರ್ ಯಾರೂ ಇಲ್ಲ” ಎಂದರು. ಆ ಹೊಗಳಿಕೆಯನ್ನು ನನ್ನಿಂದ ನುಂಗಲಾಗಲಿಲ್ಲ.

ಗಂಗೊಳ್ಳಿಗೆ ಹೋದೆ. ಗುಲಾಬಿ ಬಲೆಯ ಮೇಲೆ ಮೀನು ಹರಡುತ್ತಿದ್ದಳು. ಕತ್ತರಿಸಿದ ನಿಯಮದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಕ್ಷಮಿಸು ಎನ್ನಲಿಲ್ಲ, ಕೇಳುವ ಯೋಗ್ಯತೆ ನನಗಿರಲಿಲ್ಲ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

“ನಂಗ್ ಅವತ್ತೇ ಗೊತ್ತಿತ್ತ್. ನನ್ ಹತ್ರ ಹೇಳಿ ಎಂತ ಮಾಡ್ತೆ? ನಂಗ್ ಸುಳ್ಳಿ ಅಂದವ್ರ್ ಅವ್ರ್. ಅವ್ರಿಗೆ ಹೋಯಿ ಹೇಳ್.”

ನಮ್ಮಿಬ್ಬರನ್ನು ಬಿಟ್ಟರೆ ಹದಿನಾಲ್ಕು ಜನ. ಇಬ್ಬರು ತೀರಿಕೊಂಡಿದ್ದಾರೆ, ಅವರಿಗೆ ಹೇಳುವ ದಾರಿಯಿಲ್ಲ. ಒಂಬತ್ತು ಮನೆಯ ಜಗಲಿಯಲ್ಲಿ ಕೂತು ಹೇಳಿಯಾಯಿತು. ಗಿರಿಜಕ್ಕ ಸಿಟ್ಟಾದರು: “ಹಳೇ ಆಟದ್ ಸುದ್ದಿ ಈಗ ಎಂತಕ್ಕ್? ಬಿಡ್.” ಬಿಡುವುದಿಲ್ಲ ಎಂದೆ. ಆ ಒಂಬತ್ತರಲ್ಲೇ ಒಬ್ಬಳು ನಡುವೆ ಎದ್ದು ಬಾಗಿಲು ಹಾಕಿಕೊಂಡಳು. ಮುಚ್ಚಿದ ಬಾಗಿಲಿಗೇ ಪೂರ್ತಿ ಹೇಳಿ ಬಂದೆ. ಇನ್ನು ನಾವುಂದದಲ್ಲಿ ಒಬ್ಬಳು, ಬ್ರಹ್ಮಾವರದಲ್ಲಿ ಒಬ್ಬಳು, ಮುಂಬೈಯಲ್ಲಿ ಮಗನ ಮನೆ ಸೇರಿದವಳೊಬ್ಬಳು. ಮೂವರಿಗೂ ಹೇಳುತ್ತೇನೆ. ನಗುವವರು ನಗಲಿ — ಪೂರ್ತಿ ಕೇಳಿ ನಗಲಿ.