ಡ್ರೈವರ್ ತಲೆಗೆ ಕಟ್ಟಿದ ತಪ್ಪು

ಸ್ನೇಹಿತರೇ, ಇವತ್ತು ಮೈಯೆಲ್ಲ ಉರಿಯುತ್ತಿದೆ. ಜೆ.ಪಿ. ನಗರದ ನಮ್ಮ ಆಫೀಸಿನಲ್ಲಿ ಕಸ್ಟಮರ್‌ಗಾಗಿ ಪರೀಕ್ಷೆಗಿಟ್ಟ ರೂಟರ್ ಆಯುಧಪೂಜೆ ಮುಗಿದದ್ದೇ ಅರ್ಧ ವೇಗಕ್ಕೆ ಇಳಿದಿತ್ತು. ಅದರ ನೆಟ್‌ವರ್ಕ್ ಡ್ರೈವರ್, ಅಂದರೆ ಅದರ ನೆಟ್‌ವರ್ಕ್ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್, ಬರೆದವನು ನಾನು. "ನಿಮ್ಮ ಕೋಡೇ ದಂಡ ಕಣ್ರೀ" ಎಂದು ಮ್ಯಾನೇಜರ್ ಎಲ್ಲರೆದುರು ಬೈದರು.

ಎರಡು ದಿನ ಸೀಟಿನಿಂದಲೇ ಲಾಗಿನ್ ಆಗಿ, ಕೋಡಿನ ಯಾವ ಭಾಗ ಎಷ್ಟು ಸಮಯ ತಿನ್ನುತ್ತಿದೆ ಎಂದು ಪ್ರೊಫೈಲರ್ ಹಾಕಿ ಅಳೆದೆ. ಎಲ್ಲವೂ ಒಂದೇ ಸಮ ನಿಧಾನ! ತಪ್ಪು ಕೋಡಿನದಲ್ಲ, ಯಂತ್ರದ್ದೇ ಇರಬೇಕೆಂದು ಅನುಮಾನ ಬಂದು ಇವತ್ತು ಲ್ಯಾಬಿಗೇ ಹೋಗಿ ರೂಟರ್ ಮುಟ್ಟಿದೆ; ಕೈ ಚುರ್ ಎಂದಿತು. ಗಾಳಿಯಾಡುವ ತೂತುಗಳ ಮೇಲೆಲ್ಲ, ಪೂಜೆಯ ದಿನ ಮ್ಯಾನೇಜರೇ ಕೈಯಾರೆ ಸುತ್ತಿದ್ದ ಚೆಂಡುಹೂವಿನ ದಪ್ಪ ಹಾರ. ಬಿಸಿಯಾದ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಂಡಿತ್ತು. ಹಾರ ತೆಗೆದೆ, ಸ್ವಲ್ಪ ಹೊತ್ತಿಗೆ ಹಳೆಯ ವೇಗ ಬಂತು.

"ಸಾರ್, ಹೂವಿಂದ ಆಗಿದ್ದು" ಎಂದೆ.

"ಕಸ್ಟಮರ್‌ಗೆ ಹಾಗೆ ಹೇಳೋಕಾಗುತ್ತೇನ್ರೀ? ಡ್ರೈವರಲ್ಲಿ ಪ್ರಾಬ್ಲಮ್ ಇತ್ತು, ಸರಿ ಮಾಡಿದ್ವಿ ಅಂತ ಬರೀರಿ."

ಒಂದು ಸಾಲು ಕೋಡ್ ಮುಟ್ಟದೆ, ಮಾಡದ ತಪ್ಪು ಒಪ್ಪಿಕೊಂಡು ಬರೆದುಕೊಟ್ಟೆ. ಮುಂದಿನ ವರ್ಷ ಆ ಹಾರವನ್ನು ನನ್ನ ಕೊರಳಿಗೇ ಹಾಕಲಿ. ಹೇಗೂ ಇಲ್ಲಿ ಹರಕೆಯ ಕುರಿ ನಾನೇ, ರೂಟರಾದರೂ ಉಸಿರಾಡಲಿ.