ಇಲ್ಲದ ಸೂತಕ

ಚಂದನಾ, ಹರ್ಷ — ನಿಮ್ಮ ಸಾವಿತ್ರಿ ಅಜ್ಜಿ ಸಿನಿಮಾದಲ್ಲಿ ಹಾಡದಂತೆ ಮಾಡಿದವಳು ನಾನು. ಅವಳ ಹಣೆಬರಹವಲ್ಲ, ಸಿನಿಮಾದವರಲ್ಲ. ನಾನು.

ಮೊನ್ನೆ ಅವಳು ನಮ್ಮಲ್ಲಿಗೆ ಬಂದಿದ್ದಾಗ ಟಿ.ವಿ.ಯಲ್ಲಿ ಅವಳು ಹಾಡಬೇಕಿದ್ದ ಆ ಹಳೆಯ ಚಿತ್ರ ಬಂತು. ಅದರ ಹಾಡನ್ನು ಅವಳು ಮೆಲ್ಲಗೆ ಗುನುಗಿದಳು — ಇಷ್ಟು ವರ್ಷಗಳಲ್ಲಿ ಮೊದಲ ಸಲ. "ಅಜ್ಜಿ, ಇದು ರಾಕ್ ಕಣಜ್ಜಿ, ಭಜನೆ ಅಲ್ಲ" ಎಂದು ನೀವು ನಕ್ಕಿರಿ. ನನಗೆ ಮೈ ಉರಿಯಿತು. ಆದರೆ ನಿಮ್ಮನ್ನು ಗದರಲು ನನಗೆ ಯಾವ ಬಾಯಿದೆ?

ಎಂಬತ್ತರ ದಶಕದ ಆರಂಭ. ಚಿಕ್ಕಬಾಣಾವರದ ಇದೇ ಮನೆ. ನಿಮ್ಮ ತಾತನ ತಂಗಿ ಸಾವಿತ್ರಿ ಪೀಣ್ಯದ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿನ ರಾಜ್ಯೋತ್ಸವದಲ್ಲಿ ಅವಳು ಹಾಡಿದ್ದನ್ನು ಗಿಟಾರ್ ನುಡಿಸುವವರೊಬ್ಬರು ಕೇಳಿದರು. ಅವರು ಒಂದು ಚಿತ್ರಕ್ಕೆ ಸಂಗೀತ ಮಾಡುತ್ತಿದ್ದರು — ಹೆಸರಾದ ಇಂಗ್ಲಿಷ್ ರಾಕ್ ಹಾಡುಗಳ ಧಾಟಿಗೆ ಕನ್ನಡದ ಮಾತು ಹಾಕಿ, ತಮಟೆ ಸೇರಿಸಿ, ಕಥೆಯನ್ನೆಲ್ಲ ಹಾಡಿನಲ್ಲೇ ಹೇಳುವ ಚಿತ್ರ. ಒಂದು ಹಾಡಿಗೆ ಹಳ್ಳಿಯ ದನಿ ಬೇಕಿತ್ತು.

ಆ ಹಾಡು ತುಂಬಿದ ಟೇಪ್ ರೆಕಾರ್ಡರ್ ಮನೆಗೆ ತಂದು ಕೊಟ್ಟು ಹೋದರು. ಸಾವಿತ್ರಿಗೆ ಆ ಹಾಡಿನ ಓಟ ಹಿಡಿಯಲಿಲ್ಲ. ರಾಗಿ ಬೀಸುತ್ತ ಕೂತಿದ್ದ ನನಗೆ ಹಿಡಿಯಿತು. ಕಲ್ಲು ತಿರುಗುವ ಲಯಕ್ಕೆ ಅದನ್ನು ಕೂರಿಸಿ, ಸಾಲಿನ ಕೊನೆಗೆ ಬೀಸುವ ಪದದ ಎಳೆತ ಸೇರಿಸಿ ಅವಳಿಗೆ ಕಲಿಸಿದೆ. ಅವರು ಕೇಳಲು ಬಂದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ.

"ಸಕ್ಕತ್ತಾಗಿದೆಯಮ್ಮ! ಈ ಎಳೆತ ಎಲ್ಲಿಂದ ತಂದೆ?"

"ನಂದೇ ಸಾರ್."

ಅತ್ತಿಗೆ ಕಲಿಸಿದ್ದು ಎಂದು ಒಂದು ಮಾತು ಹೇಳಬಾರದಿತ್ತೇ —

ರೆಕಾರ್ಡಿಂಗ್ ದಿನ ಬೆಳಿಗ್ಗೆ ಅವಳು ಮಲ್ಲಿಗೆ ತರಲು ಹೋಗಿದ್ದಳು. ಕಾರು ಬೇಗ ಬಂತು. ಅದು ತಿರುವಿನಲ್ಲಿ ಕಂಡಿದ್ದೇ ತಡ, ಹೊಸಿಲ ಮುಂದಿನ ರಂಗೋಲಿಯನ್ನು ಕಾಲಿನಿಂದ ಒರೆಸಿದೆ. ಆಗಷ್ಟೇ ತಲೆಗೆ ನೀರು ಹಾಕಿಕೊಂಡಿದ್ದೆ, ಕೂದಲು ಬಿಚ್ಚಿಕೊಂಡಿತ್ತು.

"ಸೂತಕ ಸಾರ್. ಒಳಕ್ಕೆ ಬರಬ್ಯಾಡಿ. ಸಾವಿತ್ರಿ ಬರಂಗಿಲ್ಲ."

"ಅಯ್ಯೋ... ಯಾರು ಹೋದ್ರು?"

"ನಮ್ಮತ್ತೆ."

ಅಷ್ಟರಲ್ಲಿ ಹಿತ್ತಲಿನಿಂದ ಅತ್ತೆಯೇ ಕೂಗಿದರು: "ಯಾರೇ ಅದು ಬಾಗ್ಲಲ್ಲಿ? ಎಮ್ಮೆ ಒದೀತದೆ, ಬಾರೇ!"

"ಕೂಗಿದ್ದು ಅವರ ತಂಗಿ" ಎಂದೆ. ನಾಲಿಗೆ ತೊದಲಲಿಲ್ಲ.

ಸಾವಿನ ಮನೆಯಲ್ಲಿ ಯಾರೂ ಹೆಚ್ಚು ಕೇಳುವುದಿಲ್ಲ, ನೀರೂ ಮುಟ್ಟುವುದಿಲ್ಲ. ಅದು ಗೊತ್ತಿದ್ದೇ ಹೇಳಿದೆ. "ಇವತ್ತೇ ಹಾಡಿಸ್ಬೇಕಿತ್ತಮ್ಮ. ಬೇರೆಯವರನ್ನ ನೋಡ್ತೀವಿ" ಎಂದು ಅವರು ಕೈಮುಗಿದು ಹೋದರು. ನಾನು ಹೊಸ ರಂಗೋಲಿ ಹಾಕಿದೆ.

ಸಾವಿತ್ರಿ ಹೂ ಮುಡಿದು ಸಂಜೆಯವರೆಗೆ ಜಗಲಿಯಲ್ಲಿ ಕೂತಳು.

"ಕಾರ್ ಬಂದಿತ್ತಾ ಅತ್ತಿಗೆ?"

"ಇಲ್ಲ ಕಣೇ."

ಚಿತ್ರ ಬಿಡುಗಡೆಯಾಯಿತು; ನಾವಿಬ್ಬರೂ ನೋಡಲು ಹೋದೆವು. ಬೇರೆ ಹುಡುಗಿ ಹಾಡಿದ್ದಳು. ನಾನು ಸೇರಿಸಿದ ಎಳೆತವೂ ಇತ್ತು. ಸಾವಿತ್ರಿ ಅರ್ಧಕ್ಕೇ ಎದ್ದು ಹೊರಟಳು. "ನನ್ನ ದನಿ ಇಡಿಸ್ಲಿಲ್ಲ ಅನ್ಸುತ್ತೆ ಅತ್ತಿಗೆ" ಎಂದಳು, ಬಸ್ಸಿನಲ್ಲಿ. ಆಮೇಲೆ ಅವಳು ನಿಮ್ಮಪ್ಪನಿಗೆ ಒಂದು ಜೋಗುಳವನ್ನೂ ಹಾಡಲಿಲ್ಲ.

ನನ್ನನ್ನು ಬಾಯಿಲ್ಲದ ಹೆಂಗಸು, ಸಾಧು ಎನ್ನುತ್ತಾರೆ. ಕೇಳಿದಾಗಲೆಲ್ಲ ನನ್ನ ಮೇಲೆಯೇ ರೇಗುತ್ತದೆ. ಪರರೆದುರು ಹಾಡಲು ತೆರೆಯದ ಬಾಯಿ ಅಂದು ಬಾಗಿಲಲ್ಲಿ ಎಷ್ಟು ಸಲೀಸಾಗಿ —

ಅವಳು ಅಂದದ್ದು ಒಂದು ಮಾತು. ನಾನು ಕಿತ್ತುಕೊಂಡದ್ದು ಅವಳ ದನಿ.

ನಾಳೆ ನಿಮ್ಮನ್ನೂ ಕರೆದುಕೊಂಡು ಅವಳ ಮನೆಗೆ ಹೋಗಿ ಇದನ್ನು ನಾನೇ ಓದಿ ಹೇಳುತ್ತೇನೆ. ಹಾಳೆಗಳನ್ನು ಅವಳ ಕೈಗೇ ಕೊಡುತ್ತೇನೆ. ಅವಳು ಹರಿದರೆ ತಡೆಯಬೇಡಿ. ಹರಿಯದೆ ಬಿಟ್ಟರೆ, ಮಕ್ಕಳೇ, ಜೋಪಾನವಾಗಿ ಎತ್ತಿಡಿ.