ಕುಕ್ಕರಕ್ಕ ತೊಳೆದ ಸಮುದ್ರ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕುಕ್ಕರಕ್ಕ ಎಂದೇ. ಆಪರೇಷನ್ ಥಿಯೇಟರಿನ ಕತ್ತರಿ, ಚಿಮಟ, ಬಟ್ಟೆಗಳನ್ನೆಲ್ಲ ಆಳೆತ್ತರದ ಉಗಿಯಂತ್ರದಲ್ಲಿ ಒಂದು ಕ್ರಿಮಿಯೂ ಉಳಿಯದಂತೆ ಬೇಯಿಸಿ ತೆಗೆಯುವುದು ಅವಳ ಕೆಲಸ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದವಳಿಗೆ ಕೊಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಮನೆಯಲ್ಲೂ ಅಷ್ಟೆ. ಗಂಡ ಲೋಟ ಕೆಳಗಿಟ್ಟು ಪೇಪರಿನ ಪುಟ ತಿರುವುವುದರೊಳಗೆ ಅದು ತೊಳೆಸಿಕೊಂಡು ಬೋರಲು ಬಿದ್ದಿರುತ್ತಿತ್ತು. ಇನ್ನೂ ಅರ್ಧ ಕುಡಿಯೋದಿತ್ತಲ್ಲೇ ಎಂದು ಅವನು ಗೊಣಗುವುದು ನಿತ್ಯದ ಮಾತು.

ಆ ಮನೆಯಲ್ಲಿ ಅವಳ ಕೈಗೆ ಸಿಗದೆ ಉಳಿದಿದ್ದು ಮಾವನ ಮೀನಿನ ತೊಟ್ಟಿ ಒಂದೇ. ಮಾವ ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಮುಂದಿನ ಕೋಣೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಇಟ್ಟು, ಉಪ್ಪುನೀರು ಬೆರೆಸಿ, ಕಲ್ಲು ಜೋಡಿಸಿ, ಎಂಟು ಸಮುದ್ರದ ಮೀನು ಸಾಕಿದ್ದರು. ಅವುಗಳಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆ ಇದ್ದದ್ದೊಂದು ಬೆಳಗಿನಿಂದ ಸಂಜೆಯವರೆಗೂ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಲೇ ಇರುತ್ತಿತ್ತು. ಅದಕ್ಕೆ ಮಾವ ಕಂಡಕ್ಟರ್ ಎಂದು ಹೆಸರಿಟ್ಟಿದ್ದರು. ಪಕ್ಕದ ಗೋಡೆಯ ಕ್ಯಾಲೆಂಡರಿನಲ್ಲಿ ಎಡಕ್ಕೆ ವಾಲುವ ತಮ್ಮ ಅಕ್ಷರದಲ್ಲಿ ದಿನಕ್ಕೊಂದು ಸಾಲು ಬರೆಯುತ್ತಿದ್ದರು: ನೀರು ಎಷ್ಟು ಇಳಿದಿದೆ, ಉಪ್ಪು ಎಷ್ಟಿದೆ. ಸಂಜೆ ಸೊಸೆ ಡ್ಯೂಟಿ ಮುಗಿಸಿ ಬಂದರೆ ಸಾಕು, ಬಾಮ್ಮ, ಇವತ್ತು ಕಂಡಕ್ಟರ್ ಏನು ಮಾಡಿದ ಗೊತ್ತಾ ಎಂದು ಪಕ್ಕದ ಸ್ಟೂಲು ಎಳೆಯುತ್ತಿದ್ದರು. ಮೀನು ಏನೂ ಮಾಡಿರುತ್ತಿರಲಿಲ್ಲ. ಆದರೂ ಆ ಹತ್ತು ನಿಮಿಷ ಅವಳ ಇಡೀ ದಿನದ ಸುಸ್ತನ್ನು ಇಳಿಸುತ್ತಿತ್ತು.

ಮಾವನ ಕಣ್ಣಿಗೆ ಪೊರೆ ಬಂತು. ಆಪರೇಷನ್ ಮಾಡಿಸಿಕೊಂಡು ಹತ್ತು ದಿನ ಮಗಳ ಮನೆಯಲ್ಲಿ ಉಳಿದರು. ಇತ್ತ ಕುಕ್ಕರಕ್ಕನ ತಲೆಯಲ್ಲಿ ಒಂದು ಯೋಚನೆ ಹೊಕ್ಕಿತು. ಹೊಸ ಕಣ್ಣು ಹಾಕಿಸಿಕೊಂಡು ಬರುವವರು ಅದೇ ಹಳೇ ಮಬ್ಬು ಗಾಜನ್ನು ನೋಡಬೇಕೇ? ಭಾನುವಾರ ಸೆರಗು ಸಿಕ್ಕಿಸಿ ನಿಂತೇಬಿಟ್ಟಳು. ಮೀನುಗಳನ್ನು ಟಬ್ಬಿಗೆ ಸಾಗಿಸಿ, ಕಲ್ಲುಗಳನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಹಾಕಿ ಬ್ರಷ್ಷಿನಿಂದ ಉಜ್ಜಿದಳು. ಮರಳನ್ನು ಅಕ್ಕಿ ತೊಳೆದ ಹಾಗೆ ಏಳು ಸಲ ತೊಳೆದಳು. ಫಿಲ್ಟರಿನ ಸ್ಪಂಜನ್ನಂತೂ ಕುದಿಸಿಯೇ ಬಿಟ್ಟಳು. ಎಲ್ಲವನ್ನೂ ನಲ್ಲಿ ನೀರಿನಲ್ಲಿ ಜಾಲಾಡಿಸಿ ಜೋಡಿಸಿ, ಕ್ಯಾಲೆಂಡರಿನ ಲೆಕ್ಕದಂತೆ ಉಪ್ಪು ಬೆರೆಸಿ ಮೀನು ಬಿಟ್ಟಾಗ ತೊಟ್ಟಿ ಫಳಫಳ ಹೊಳೆಯಿತು.

ಮೂರನೆಯ ದಿನ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ನಾಲ್ಕನೆಯ ದಿನ ಡ್ಯೂಟಿಯಿಂದ ಬಂದು ನೋಡಿದರೆ ಏಳು ತೇಲುತ್ತಿದ್ದವು. ಉಳಿದ ಕಂಡಕ್ಟರನ್ನು ಮುಚ್ಚಳದ ಬಕೆಟ್ಟಿನಲ್ಲಿ ಹಾಕಿಕೊಂಡು ಮೀನಿನಂಗಡಿಗೆ ಓಡಿದಳು. ಅಂಗಡಿಯವನು ಮೊದಲು ಮೀನನ್ನು ತನ್ನ ತೊಟ್ಟಿಗೆ ಸೇರಿಸಿಕೊಂಡ. ಆಮೇಲೆ ಅವಳ ಕಥೆ ಕೇಳಿ ತಲೆಯ ಮೇಲೆ ಕೈ ಹೊತ್ತು ಕೂತ.

“ಅಕ್ಕಾ, ಆ ಕಲ್ಲಿನ ಮೇಲೆ ಇದ್ದದ್ದು ಕೊಳೆ ಅಲ್ಲ. ಮೀನಿನ ಗಲೀಜು ನೀರಲ್ಲಿ ವಿಷ ಆಗದ ಹಾಗೆ ತಿಂದುಹಾಕೋ ಸಣ್ಣ ಸಣ್ಣ ಜೀವ ಅವು. ನೀವು ಅವನ್ನೇ ಕೊಂದುಬಿಟ್ರಲ್ಲ.”

ಯಾವ ಕೆಲಸಕ್ಕೆ ಹತ್ತೊಂಬತ್ತು ವರ್ಷ ಭೇಷ್ ಅನ್ನಿಸಿಕೊಂಡಿದ್ದಳೋ ಅದೇ ಕೆಲಸ. ಅವಳು ಖಾಲಿ ಬಕೆಟ್ ಹಿಡಿದು ದಾರಿಯುದ್ದಕ್ಕೂ ಅತ್ತಳು.

ಮಾವ ಬಂದರು. ಕಪ್ಪು ಕನ್ನಡಕ ತೆಗೆದು ತೊಟ್ಟಿಯನ್ನು ನೋಡಿದರು. ನಿಮ್ಮ ಹೊಸ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ ತೊಳೆದೆ ಮಾವ, ಕಂಡಕ್ಟರ್ ಒಬ್ಬನೇ ಉಳಿದ, ಅಂಗಡೀಲಿದ್ದಾನೆ ಎಂದು ಅವಳು ಬಿಕ್ಕಿದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಬೈದಿದ್ದರೆ ಅವಳ ಅರ್ಧ ಭಾರ ಇಳಿಯುತ್ತಿತ್ತು. ಅವರು ಗಾಜು ಒರೆಸುವ ಸ್ಪಂಜನ್ನು ಎತ್ತಿ ಬೀರುವಿನ ಮೇಲಕ್ಕೆಸೆದು, ಕುರ್ಚಿಯನ್ನು ಬೀದಿಯ ಕಿಟಕಿಯ ಕಡೆಗೆ ತಿರುಗಿಸಿ ಕೂತರು. ಇನ್ನು ಮೀನು ಗೀನು ಬೇಡಮ್ಮ, ತೊಟ್ಟಿ ಯಾರಿಗಾದರೂ ಕೊಟ್ಟುಬಿಡು ಎಂದಷ್ಟೇ ಹೇಳಿದರು. ಮರುದಿನ ಸಂಜೆ ಸ್ಟೂಲು ಎಳೆಯಲಿಲ್ಲ. ಅದರ ಮರುದಿನವೂ ಇಲ್ಲ.

ಆ ಕುರ್ಚಿ ಮತ್ತೆ ಈ ಕಡೆ ತಿರುಗಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ. ಅವಳು ಮತ್ತೆ ಅಂಗಡಿಗೆ ಹೋದಳು. ಅಂಗಡಿಯವನು ತನ್ನ ಹಳೇ ತೊಟ್ಟಿಯಿಂದ ಕಂದು ಬಣ್ಣದ, ಲೋಳೆ ಲೋಳೆಯಾದ ಕಲ್ಲುಗಳನ್ನು ಅರ್ಧ ಬಕೆಟ್ ಕೊಟ್ಟ. ಜೊತೆಗೆ ಷರತ್ತು. ಇವನ್ನು ಉಜ್ಜಬಾರದು. ಅದರ ಮೇಲಿನ ಸಣ್ಣ ಜೀವಗಳಿಗಾಗಿ ದಿನಾ ಚಿಟಿಕೆ ಮೀನಿನ ತಿಂಡಿ ಹಾಕಿ, ಗಾಜಿನ ಕೊಳವೆಯಲ್ಲಿ ನೀರು ಹಿಡಿದು ತಾನು ಕೊಡುವ ಔಷಧದ ಹನಿ ಬಿಡಬೇಕು. ಹಸಿರಾದರೆ ವಿಷ ಇದೆ ಎಂದರ್ಥ, ಹಳದಿ ಇದ್ದರೆ ಇಲ್ಲ. ಎರಡು ವಾರ ಬಿಡದೆ ಹಳದಿ ಬಂದ ಮೇಲೆಯೇ ಕಂಡಕ್ಟರ್ ಮನೆಗೆ.

ಅಂದರೆ ಅವಳು ಮಾಡಬೇಕಾಗಿದ್ದ ದೊಡ್ಡ ಕೆಲಸ ಏನೂ ಮಾಡದಿರುವುದು. ಅದರಷ್ಟು ಕಷ್ಟ ಅವಳಿಗೆ ಇನ್ನೊಂದಿಲ್ಲ. ಮೂರನೆಯ ವಾರ ಗಾಜಿಗೆಲ್ಲ ಕಂದು ಪೊರೆ ಕಟ್ಟಿತು. ಅವಳ ಕೈ ಕಡಿಯಿತು. ತಡೆಯಲಾರದೆ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತಿಕ್ಕಿದಳು. ಇನ್ನೊಂದು ವಾರ ಹೀಗೇ ಆದರೆ ಪಾತ್ರೆಗಳು ಜರಡಿ ಆಗ್ತವೆ ಎಂದ ಗಂಡ. ಅವಳು ಗುರ್ ಎಂದು ನೋಡಿದ್ದಕ್ಕೆ ತನ್ನ ಲೋಟ ಎತ್ತಿಕೊಂಡು ಜಾಗ ಖಾಲಿ ಮಾಡಿದ.

ಕ್ಯಾಲೆಂಡರಿನಲ್ಲಿ ಈಗ ಅವಳೇ ಬರೆಯುತ್ತಿದ್ದಳು: ಕಡು ಹಸಿರು, ಕಡು ಹಸಿರು, ಹಸಿರು. ಮಾವ ಕಿಟಕಿಯಿಂದ ಮುಖ ತಿರುಗಿಸುತ್ತಿರಲಿಲ್ಲ. ಒಂದು ದಿನ ಜೊತೆಯವಳು ರಜೆ ಹಾಕಿದ್ದರಿಂದ ಇವಳಿಗೆ ಎರಡು ಪಾಳಿ ಬಿತ್ತು. ಪರೀಕ್ಷೆ ತಪ್ಪಿಹೋಯಿತಲ್ಲ ಎಂದು ಚಪ್ಪಲಿ ಬಿಡುವ ಮೊದಲೇ ಒಳಗೆ ಓಡಿ ಬಂದವಳು ಕ್ಯಾಲೆಂಡರ್ ಮುಂದೆ ನಿಂತುಬಿಟ್ಟಳು. ಆ ದಿನದ ಚೌಕದಲ್ಲಿ ಅದೇ ಎಡಕ್ಕೆ ವಾಲಿದ ಅಕ್ಷರ: ‘ಹಸಿರು ಇಳಿದಿದೆ. ನೀರು ಕಮ್ಮಿಯಾಗಿತ್ತು, ಸಿಹಿನೀರು ಒಂದು ಚೊಂಬು ಹಾಕಿದೆ.’ ಮಾವ ಕಿಟಕಿಯ ಬಳಿ ಪೇಪರಿನೊಳಗೆ ಮುಖ ಹುದುಗಿಸಿ ಕೂತಿದ್ದರು. ಅವತ್ತು ಅವಳಿಗೆ ಊಟ ಎಂದಿಗಿಂತ ಒಂದು ತುತ್ತು ಹೆಚ್ಚೇ ಸೇರಿತು.

ಹಳದಿ ಬಂತು, ಎರಡು ವಾರ ನಿಂತಿತು. ಭಾನುವಾರ ಬೆಳಿಗ್ಗೆ ಅವಳು ಕಂಡಕ್ಟರನ್ನು ಕರೆತಂದು ನಿಧಾನವಾಗಿ ನೀರಿಗೆ ಬಿಟ್ಟಳು. ಅದು ಸರ್ರನೆ ಕಲ್ಲಿನ ಹಿಂದೆ ಸೇರಿಕೊಂಡಿತು. ಕಂದು ಗಾಜಿನ ಆಚೆ ಏನೂ ಕಾಣಿಸದು. ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಕುರ್ಚಿ ಎಳೆದ ಸದ್ದಾಯಿತು. ನೋಡಿದರೆ ಕುರ್ಚಿ ತೊಟ್ಟಿಯ ಕಡೆಗೆ ತಿರುಗಿತ್ತು. ಮಾವ ಬೀರುವಿನ ಮೇಲೆ ಕೈಯಾಡಿಸಿ ಸ್ಪಂಜು ತೆಗೆದು, ಧೂಳು ಕೊಡವಿ, ಅವಳ ಮುಂದೆ ಹಿಡಿದಿದ್ದರು.

“ಬೇಡ ಮಾವ,” ಎಂದಳು. “ನನ್ನ ಕೈ ನಂಬಬೇಡಿ.”

“ಹೊಸ ಕಣ್ಣಿಗೆ ಚೆನ್ನಾಗಿ ಕಾಣ್ಲಿ ಅಂತ ತಾನೆ ಅವತ್ತು ತೊಳೆದಿದ್ದು? ನಾನಿನ್ನೂ ಏನೂ ನೋಡಿಲ್ಲಮ್ಮ. ಮುಂದಿನ ಗಾಜು ಒಂದೇ ಒರೆಸು.”

ಅವಳು ಸ್ಪಂಜು ತೆಗೆದುಕೊಂಡಳು. ಒಂದು ಅಂಗೈ ಅಗಲದಷ್ಟು ಒರೆಸಿ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಅಲ್ಲಿ ಕಿತ್ತಳೆ ಬಣ್ಣ ಹಾದುಹೋಯಿತು, ಮತ್ತೆ ವಾಪಸ್ ಬಂತು. ಮಾವ ಕಾಲಿನಿಂದ ಸ್ಟೂಲನ್ನು ಅವಳ ಕಡೆಗೆ ತಳ್ಳಿದರು.